ಅಮ್ಮನ ವರ್ಷದ ಪ್ರಾರ್ಥನೆಗೆ ಬರೆದಿಟ್ಟ ಹೊತ್ತು

ಮಿಯಾಗಾವ್, ಇಲೋಯ್ಲೊ
ಜೂನ್ 19, ಬೆಳಗ್ಗೆ (ನಮ್ಮೂರ ಬೆಳಗ್ಗೆ)

ನನ್ನ ಮುದ್ದು ಇಂದಾಯ್,

ಹೇಗಿದ್ದೀ ಮಗಳೇ? ನಿನ್ನ ಸೊಂಟನೋವು ಇಳಿಯಿತೇ? ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸಲು ಕಲಿತನೇ? ನನ್ನ ಮೊಣಕಾಲು ಹಾಗೇ ಇದೆ, ಮಳೆಗೆ ಮುಂಚೆ ಹೇಳಿಕಳಿಸುತ್ತದೆ. ನೀನು ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೇ ಮುಂದಿನ ಬಂದರಿನ ಏಜೆಂಟರ ವಿಳಾಸಕ್ಕೆ ಈ ಕಾಗದ.

ನಿನ್ನಣ್ಣ ರೊಡೆಲ್‌ನ ಆ ಮನೆಮಂದಿಯ ಫೋನ್ ಕ್ಯಾಲೆಂಡರಿನ ಫೈಲಿಗೆ ಬೆಂಕಿ ಬೀಳಲಿ. ಬಣ್ಣವಿಲ್ಲ, ಚಿತ್ರವಿಲ್ಲ, ಸಂತರ ಹೆಸರಿಲ್ಲ. ಸಾಲಿಗೊಂದು ತಾರೀಕು, ಗಂಟೆ, ಕೆಲಸ, ಅಷ್ಟೇ. "ಸಾದಾ ಅಕ್ಷರ ಅಪ್ಪಾ, ಯಾವ ಫೋನಲ್ಲಾದ್ರೂ ತೆರೆಯುತ್ತೆ, ನೂರು ವರ್ಷ ಬಾಳುತ್ತೆ" ಅಂತ ಎದೆಯುಬ್ಬಿಸಿದ್ದ. ನೂರು ವರ್ಷವಂತೆ! ಒಂದು ಮಧ್ಯಾಹ್ನವೂ ಬಾಳಲಿಲ್ಲ. ಕಾಲೇಜಿನಲ್ಲಿ ನಾನು ಪಾಸ್ಟ್, ಪ್ರೆಸೆಂಟ್, ಮತ್ತಿನ್ನೇನೋ ಪರ್ಫೆಕ್ಟ್ ಅಂತ ಹನ್ನೆರಡು ಟೆನ್ಸ್ ಉರು ಹೊಡೆದವನು, ಹಡಗಿನ ಗಡಿಯಾರಕ್ಕೆ ಅದರಲ್ಲಿ ಒಂದೂ ಹೊಂದುವುದಿಲ್ಲ. ದಿನಕ್ಕೊಂದು ಗಂಟೆ ತಿರುಗಿಸುತ್ತೀರಿ, ಸಾಗರದ ನಡುವೆ ಒಂದು ಗೆರೆ ದಾಟಿ ಕಳೆದುಹೋದ ದಿನವನ್ನೇ ಮತ್ತೊಮ್ಮೆ ಬದುಕುತ್ತೀರಿ. ಆ ಬೆಪ್ಪು ಫೈಲೋ, ಹದಿನಾರನೇ ತಾರೀಕು ಮೂರು ಗಂಟೆ ಅಂದರೆ ಓದುವವರು ಎಲ್ಲಿದ್ದಾರೋ ಅಲ್ಲಿಯ ಮೂರು ಗಂಟೆ ಅಂದುಕೊಳ್ಳುತ್ತದೆ. ನಿಮ್ಮಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಮೊಟ್ಟೆಯಷ್ಟು ದೊಡ್ಡ ಸೊನ್ನೆ ಸುತ್ತುತ್ತಿದ್ದಳು. ಅದು ಯಾವೂರ ಸೊನ್ನೆ ಅಂತ ಯಾರಾದರೂ ಕೇಳಿದ್ದುಂಟೇ?

ಹದಿನಾರರಂದು ಮೂರು ಗಂಟೆಗೆ ಅಮ್ಮನ ಪ್ರಾರ್ಥನೆಗೂ ಆಮೇಲಿನ ಶಾವಿಗೆ ತಿಂಡಿಗೂ ಊರೆಲ್ಲ ಸೇರಿತ್ತು. ಪ್ರಾರ್ಥನೆ ಹೇಳಿಸುವ ಸಲುದ್ ಅತ್ತೆ ನಾಲ್ಕರವರೆಗೂ ನಿನ್ನ ಫೋನಿಗೆ ಕಾದಳು. "ಸತ್ತವರು ಕಾಯ್ತಾರೆ ಕಣಪ್ಪಾ, ಶಾವಿಗೆ ಕಾಯಲ್ಲ" ಅಂತ ಕೊನೆಗೆ ಶುರುಮಾಡಿದಳು. ವರ್ಷದಿಂದ ಶೋಕಕ್ಕೆ ತೊಟ್ಟ ಕಪ್ಪು ಅಂಗಿ ಕಳಚಿ ನಾನು ಬಿಳಿಯದು ತೊಟ್ಟೆ. ಮಾರನೆಯ ಬೆಳಗ್ಗೆ ಒಂಬತ್ತಕ್ಕೆ, ಬಾಡಿಗೆ ಕುರ್ಚಿಗಳನ್ನು ಗಾಡಿಗೆ ಹೇರುತ್ತಿದ್ದಾಗ, ನಿನ್ನ ಮುಖ ಫೋನಿನಲ್ಲಿ ಬಂತು. ಬಿಳಿ ಅಂಗಿ, ಬಾಚಿದ ತಲೆ. "ಶುರುವಾಯ್ತಾ ಅಪ್ಪಾ? ನಾನು ಸರಿಯಾಗಿ ಮೂರಕ್ಕೇ ಮಾಡಿದೀನಿ" ಅಂದೆ. ನಿನ್ನ ಹಡಗಿನಲ್ಲಿ ಇನ್ನೂ ಹದಿನಾರು. ನಾನು ಫೋನನ್ನು ರೊಡೆಲ್ ಕೈಗಿಟ್ಟೆ. ಇಲ್ಲಿ ನಿನ್ನೆಯೇ ಮುಗಿಯಿತು ಅಂತ ಹೇಳಿದವನು ಅವನೇ.

ಅಮ್ಮನ ಮಣ್ಣಿಗೂ ನಿನಗೆ ಬರಲಾಗಿರಲಿಲ್ಲ, ಅದು ನನಗೆ ಗೊತ್ತಿಲ್ಲವೇ? "ಒಂದು ಸಾಲು ನೆಟ್ಟಗೆ ಬರೆಯೋಕೆ ಬರಲ್ವಾ ಅಣ್ಣಾ? ಇದನ್ನೂ ತಪ್ಪಿಸಿದೆ. ಇನ್ಮೇಲೆ ನನ್ ಜೊತೆ ಮಾತಾಡ್ಬೇಡ" ಅಂದು ಫೋನ್ ಇಟ್ಟುಬಿಟ್ಟೆ. ಅವನು ಫೋನ್ ನನಗೆ ವಾಪಸು ಕೊಟ್ಟು ಉಳಿದ ಕುರ್ಚಿ ಹೇರಿದ.

ಹೊತ್ತಿಗೆ ಉಣ್ಣು, ಅಲ್ಲಿಯ ಹೊತ್ತು ಯಾವುದೇ ಇರಲಿ. ಸಮುದ್ರ ಕಾಯುವ ತಾಯಿ ನಿನ್ನನ್ನು ಕಾಯಲಿ. ಸಲುದ್ ಅತ್ತೆ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ ಅಪ್ಪ,
ಎಸ್ಪೆರಿಡಿಯೋನ್

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ರೊಡೆಲ್ ನೆಟ್ಟಗೇ ಬರೆದಿದ್ದ. ಗಂಟೆಯ ಪಕ್ಕದಲ್ಲಿ +08:00 ಅಂತ ಇತ್ತು, ಅದು ನಮ್ಮೂರ ಹೊತ್ತು ಅನ್ನುವ ಗುರುತಂತೆ. ಮೂರು ಗಂಟೆಯ ಪ್ರಾರ್ಥನೆಗೆ ಈ ಎಂಟು ಯಾಕೆ, ಜನ ರಾತ್ರಿ ಊಟಕ್ಕೆ ಬಂದಾರು ಅಂತ ನಾನೇ ಅಳಿಸಿದೆ. ಅವನಿಗೆ ಗೊತ್ತು. ನೀನು ಬೈಯುವಾಗ ನನ್ನ ಮುಖ ನೋಡಿ ಸುಮ್ಮನಾದ. ಅವನಿಗೆ ಫೋನ್ ಮಾಡು, ಇಂದಾಯ್.