ಮಹಡಿ ಮನೆಯಲ್ಲಿ ಇಪ್ಪತ್ತು ರೊಟ್ಟಿ

ವಿಜಯನಗರ, ಬೆಂಗಳೂರು
ಸೋಮವಾರ, ೧೦ ನವೆಂಬರ್ ೨೦೨೫

ಗದಗದ ಹನುಮವ್ವನ ಖಾನಾವಳಿಯ ಯುವರಾಜರೂ, ನನ್ನ ಕೊರಳ ತಾಳಿಯ ಏಕೈಕ ಹಕ್ಕುದಾರರೂ ಆದ ಶ್ರೀ ಫಕೀರೇಶ ಅವರ ಸನ್ನಿಧಾನಕ್ಕೆ, ತಮ್ಮ ಐದು ತಿಂಗಳ ಹಳೆಯ ಹೆಂಡತಿ ಶಿಲ್ಪಾ ಮಾಡುವ ಸಾಷ್ಟಾಂಗ ನಮಸ್ಕಾರ. (ಸಾಷ್ಟಾಂಗ ಹಾಕುವಷ್ಟು ಜಾಗ ಈ ಪಿಜಿ ಕೋಣೆಯಲ್ಲಿಲ್ಲ. ಮಂಚದ ಮೇಲೆ ಕೂತೇ ಹಾಕಿದ್ದೇನೆಂದು ತಿಳಿಯತಕ್ಕದ್ದು.)

ಮನೆಯ ಮಾತು ಫೋನಿನಲ್ಲಿ ಎತ್ತಿದಾಗಲೆಲ್ಲ ಜಗಳವಾಗುತ್ತದೆಂದು, ಇನ್ನು ಅದೇನಿದ್ದರೂ ಕಾಗದದಲ್ಲೇ ಎಂದು ದೀಪಾವಳಿಯಲ್ಲಿ ನಮ್ಮಿಬ್ಬರ ನಡುವೆ ಒಪ್ಪಂದವಾಗಿದೆಯಷ್ಟೆ. ಕಾಗದದಿಂದ ದೊಡ್ಡ ಅನುಕೂಲವೆಂದರೆ ನಡುವೆ ಬಾಯಿ ಹಾಕಲು ನಿಮಗಾಗುವುದಿಲ್ಲ. ಆದ್ದರಿಂದ ಗಂಭೀರವಾಗಿ ಓದಿ. ಕೊನೆ ಮುಟ್ಟುವ ಮೊದಲು ಸಿಟ್ಟಾಗಬೇಡಿ.

ಮೊದಲು ಬಜೆಟ್ ಮಂಡನೆ. ನನ್ನ ಸಂಬಳ ಇಪ್ಪತ್ತೆರಡು ಸಾವಿರ. ಇಬ್ಬರೂ ಕೂಡಿಟ್ಟ ಗಂಟು ಒಂದು ಲಕ್ಷ ಹತ್ತು ಸಾವಿರ. ಈ ಊರಿನಲ್ಲಿ ಹೊಸ್ತಿಲು ದಾಟುವ ಮೊದಲೇ ಅಡ್ವಾನ್ಸ್ ಎಂಬ ದೇವತೆಗೆ ಎಂಟು ತಿಂಗಳ ಬಾಡಿಗೆಯನ್ನು ನೈವೇದ್ಯ ಮಾಡಬೇಕು. ಬಾಡಿಗೆ, ಗ್ಯಾಸು, ಹಾಲು, ನಿಮ್ಮ ಮೊಬೈಲ್ ರೀಚಾರ್ಜು, ನನ್ನ ಹೇರ್ ಕ್ಲಿಪ್ಪು (ಇದು ಚರ್ಚೆಗೆ ಒಳಪಡುವುದಿಲ್ಲ) ಎಲ್ಲ ಕಳೆದರೆ ಸಂಬಳ ಇಪ್ಪತ್ತನೇ ತಾರೀಖಿಗೆ ಪ್ರಾಣ ಬಿಡುತ್ತದೆ. ಉಳಿದ ಹತ್ತು ದಿನ ನಮ್ಮನ್ನು ನೀವು ಇಲ್ಲಿಗೆ ಬಂದು ಮಾರುವ ರೊಟ್ಟಿಯೇ ದಾಟಿಸಬೇಕು. ಹಾಗಾಗಿ ನಮಗೆ ಬೇಕಾದದ್ದು ಬೆಳಗಿನ ಐದಕ್ಕೆ ಟಪಟಪ ರೊಟ್ಟಿ ಬಡಿದರೂ ಕೆಳಗಿನವರು ಪೊಲೀಸರನ್ನು ಕರೆಯದಂಥ ಮನೆ.

ನಿಮಗೆ ಇಷ್ಟವಾದ ಉಲ್ಲಾಳದ ಮನೆ ಎಂಟು ಸಾವಿರಕ್ಕೆ ಸಿಗುತ್ತಿತ್ತು. ಆದರೆ ನನ್ನ ಪಾಳಿ ಏಳಕ್ಕೆ. ಎರಡು ಬಸ್ಸು ಬದಲಿಸಿ ಮೈಸೂರು ರಸ್ತೆಯ ಲ್ಯಾಬು ಮುಟ್ಟುವಷ್ಟರಲ್ಲಿ, ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಕೂತವರು ನನ್ನನ್ನೇ ತಿಂದುಬಿಡುತ್ತಾರೆ.

ರಾಜಾಜಿನಗರದಲ್ಲಿ ಗುರುಸಿದ್ದಯ್ಯ ಎಂಬ ಹಿರಿಯರ ಮನೆ ನೋಡಿದೆ. ಗದಗ ಎಂದ ಕೂಡಲೇ "ನಮ್ಮ ಕಡ್ಯಾಕಿ! ಚಾ ಕುಡಿ ತಂಗಿ" ಎಂದರು. ರೊಟ್ಟಿ ಎಂದೆ, ಇನ್ನೂ ಖುಷಿ. ಬೆಳಗಿನ ಐದಕ್ಕೆ ಎಂದೆ, ಕಪ್ಪು ಕೆಳಗಿಟ್ಟರು. "ಐದರಿಂದ ಆರೂವರಿ ನನ್ನ ಶಿವಪೂಜಾ. ಮ್ಯಾಲೆ ನಿಮ್ದು ಟಪಾಟಪಾ ಶುರುವಾದ್ರ ನಾ ಯಾರನ್ನ ಧ್ಯಾನ ಮಾಡ್ಲಿ?" ಬಾಡಿಗೆಯೂ ಹದಿನಾಲ್ಕು ಸಾವಿರ. ಕೇಳಿ ನನಗೂ ವೈರಾಗ್ಯ ಬಂತು.

ಮೂರನೆಯದು ದೀಪಾಂಜಲಿ ನಗರ. ರೀ, ಆ ಮನೆ ನೋಡಬೇಕು ನೀವು! ಮಹಡಿಯ ಮೇಲೆ ಒಂದು ಕೋಣೆ, ಗಾಳಿ ಆಡುವ ಅಡುಗೆಮನೆ, ಪಕ್ಕದಲ್ಲೇ ರೊಟ್ಟಿ ಒಣಗಿಸುವಷ್ಟು ಬಿಸಿಲು. ಹತ್ತು ಸಾವಿರ ಬಾಡಿಗೆ, ಎಂಬತ್ತು ಸಾವಿರ ಅಡ್ವಾನ್ಸು. ಲ್ಯಾಬಿಗೆ ನಡೆದೇ ಹೋಗಬಹುದು. ಉಳಿದ ಮೂವತ್ತು ಸಾವಿರದಲ್ಲಿ ನಿಮ್ಮ ಒಲೆ, ಹಂಚು, ಹಿಟ್ಟು. ಕೆಳಗೆ ಓನರ್ ಚಿಕ್ಕಲಕ್ಷ್ಮಮ್ಮ ಒಬ್ಬರೇ. ಅರವತ್ತು ದಾಟಿದವರು, ಮಾತು ಮಾತ್ರ ಇಪ್ಪತ್ತರದು.

ರೊಟ್ಟಿಯ ವಿಷಯ ಹೇಳಿದೆ. "ಎಷ್ಟೊತ್ತು ತಟ್ತೀಯಮ್ಮ?" ಎಂದರು. ಒಂದೂವರೆ ಗಂಟೆ ಎಂದೆ. "ಸದ್ದು ಹೆಂಗಿರುತ್ತೆ ಅಂತ ಕೇಳ್ದೆ ಹೆಂಗ್ ಹೂಂ ಅನ್ಲಿ? ಭಾನುವಾರ ಐದಕ್ಕೆ ಬಾ. ಇಪ್ಪತ್ತು ರೊಟ್ಟಿ ತಟ್ಟು. ನಾನು ಕೆಳಗೆ ಮಲ್ಕೊಂಡು ಕೇಳ್ತೀನಿ. ನಂಗೆ ನಿದ್ದೆ ಬಂದ್ರೆ ಮನೆ ನಿಂದು."

ಈಗ ತಾವು ಕೇಳುತ್ತೀರಿ, ನೀನೇಕೆ ಒಪ್ಪಿದೆ ಎಂದು. ನಾನು ಬಡಿದ ರೊಟ್ಟಿಯನ್ನು ನೀವು ನೋಡಿದ್ದೀರಿ. ಹಂಚಿಗೆ ಹಾಕುವ ಮೊದಲು ಇಬ್ಬರು ಹಿಡಿದು ಸಮಾಧಾನ ಹೇಳಬೇಕು ಅದಕ್ಕೆ. ಆದರೆ ನಿಮಗೆ ಮಾತು ಕೊಟ್ಟಿದ್ದೆನಲ್ಲ. ನಮ್ಮ ಮದುವೆಯ ಊಟದಲ್ಲಿ, ಖಾನಾವಳಿಯ ಪರದೆಯ ಹಿಂದೆ ಆರು ವರ್ಷದಿಂದ ರೊಟ್ಟಿ ಬಡಿಯುವವರು ಅತ್ತೆಯಲ್ಲ, ನೀವೆಂದು ನಮ್ಮ ಭರಮಪ್ಪ ಚಿಕ್ಕಪ್ಪನಿಗೆ ತಿಳಿದು, ಪಂಕ್ತಿಯ ನಡುವೆ ನಿಂತು "ಮದುಮಗಗ ಬಳಿ ತೊಡಸ್ರೋ" ಎಂದು ಕೂಗಿದ್ದು ನಾನು ಮರೆತಿಲ್ಲ. ಎಲ್ಲರೂ ನಕ್ಕರು, ನೀವು ಎಲೆಯಿಂದ ತಲೆ ಎತ್ತಲಿಲ್ಲ. ಅವತ್ತೇ ಹೇಳಿದಿರಿ: "ಬೆಂಗಳೂರಾಗ ರೊಟ್ಟಿ ನೀನ ಬಡೀತಿ ಅಂತ ಹೇಳು. ನಾ ಬರೇ ಮನಿಮನಿಗೆ ಮುಟ್ಟಸಂವ. ಇದು ಹೊರಗ ಬಿದ್ರ ನಾ ಅಲ್ಲಿಗೆ ಬರಂಗಿಲ್ಲ."

ಹೀಗಾಗಿ ನಿನ್ನೆ ಐದಕ್ಕೆ, ಪಿಜಿಯ ಅಡುಗೆಯವರಿಂದ ಹಂಚು, ಹಿಟ್ಟು ಬಡಿಯಲು ಅಗಲ ತಟ್ಟೆಯಂಥ ಪರಾತ, ಸಣ್ಣ ಒಲೆ ಕಡ ತಂದು ದೀಪಾಂಜಲಿ ನಗರದ ಖಾಲಿ ಅಡುಗೆಮನೆಯಲ್ಲಿ ಕೂತೆ. ಮೊದಲ ರೊಟ್ಟಿ ಎತ್ತುವಾಗ ಹರಿಯಿತು. ಎರಡನೆಯದು ಪರಾತಕ್ಕೆ ಅಂಟಿ ಕೂತಿತು. ಮೂರನೆಯದರ ವಿಷಯ ಬೇಡ. ಕೆಳಗೆ ಆಂಟಿ ಕಿವಿ ತೆರೆದು ಮಲಗಿದ್ದಾರೆ, ಸದ್ದು ನಿಲ್ಲುವಂತಿಲ್ಲ. ನಾನು ಹಿಟ್ಟನ್ನೆಲ್ಲ ಬಳಿದು ಚೀಲಕ್ಕೆ ತುಂಬಿ, ಖಾಲಿ ಪರಾತವನ್ನೇ ಬಡಿಯತೊಡಗಿದೆ.

ಗಂಭೀರವಾಗಿ ಓದಿ ಎಂದೆನಲ್ಲ, ನಗಬೇಡಿ.

ನಿಮ್ಮ ಲಯ ನನಗೆ ಬಾಯಿಪಾಠವಿದೆ, ರೀ. ಎಂಟು ಪೆಟ್ಟು, ಒಂದು ತಿರುವು, ಮತ್ತೆ ಎಂಟು, ಹಂಚಿಗೆ ಹಾಕುವಷ್ಟು ಹೊತ್ತು ಮೌನ. ಗದಗಿನಲ್ಲಿದ್ದ ಇಪ್ಪತ್ತೇ ದಿನದಲ್ಲಿ, ಆ ಸದ್ದಿಗೆ ಎಚ್ಚರಾಗಿ ಮತ್ತೆ ಅದಕ್ಕೇ ನಿದ್ದೆ ಹೋಗುವುದು ನನಗೆ ರೂಢಿಯಾಗಿತ್ತು. ಕಣ್ಣು ಮುಚ್ಚಿ ಬಡಿಯುತ್ತಾ ಹೋದೆ. ಹದಿಮೂರನೆಯ ಗಾಳಿರೊಟ್ಟಿಗೆ ಕಣ್ಣು ಬಿಟ್ಟರೆ ಬಾಗಿಲಲ್ಲಿ ಚಿಕ್ಕಲಕ್ಷ್ಮಮ್ಮ, ತಲೆಗೆ ಶಾಲು ಸುತ್ತಿಕೊಂಡು.

"ಏನಮ್ಮ, ಹಿಟ್ಟೇ ಕಾಣ್ತಿಲ್ವಲ್ಲ?"

ಏನಾದರೂ ಕತೆ ಕಟ್ಟಬಹುದಿತ್ತು. ನನಗೆ ಕತೆಗಳ ಬರವೇ? ಆದರೆ ಬಾಯಿಗೆ ಬಂದದ್ದು ನಿಜ. ರೊಟ್ಟಿ ಬಡಿಯುವವರು ನನ್ನ ಗಂಡ, ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆ ಎಂದುಬಿಟ್ಟೆ.

ಅವರು ನಗಲಿಲ್ಲ. "ಬಾಡಿಗೆ ಕೊಡ್ದೆ ಓಡೋಗೋರಿಗೇ ಇಲ್ದಿರೋ ನಾಚಿಕೆ ಇವ್ನಿಗ್ಯಾಕಂತೆ?" ಎಂದರು. ಆಮೇಲೆ ಮುಖ ಬಿಗಿಯಾಯಿತು. "ಆದ್ರೆ ಸುಳ್ಳು ಹೇಳಿದ್ದಕ್ಕೆ ನಿಂಗೆ ಮನೆ ಕೊಡಲ್ಲ. ಬರೋ ಭಾನುವಾರ ನಿನ್ ಗಂಡನ್ನೇ ಕರ್ಕೊಂಡ್ಬಾ. ಅವನು ತಟ್ಲಿ, ನಾನು ಕೇಳ್ತೀನಿ. ಬರ್ಲಿಲ್ವಾ, ಅವತ್ತೇ ಹತ್ತು ಗಂಟೆಗೆ ಬೇರೆಯವ್ರು ನೋಡಕ್ ಬರ್ತಾರೆ."

ಆದದ್ದು ಇಷ್ಟು. ಮಾತು ಮುರಿದಿದ್ದೇನೆ. ಫೋನಿನಲ್ಲಿ ಹೇಳಿದ್ದರೆ ನೀವು ಸುಮ್ಮನಾಗಿಬಿಡುತ್ತಿದ್ದಿರಿ. ನಿಮ್ಮ ಸಿಟ್ಟನ್ನು ತಡೆದುಕೊಳ್ಳಬಲ್ಲೆ, ಆ ಸುಮ್ಮನಿರುವುದನ್ನಲ್ಲ.

ಇಷ್ಟು ಹೊತ್ತು ಆಡಿದ ತಮಾಷೆಯನ್ನೆಲ್ಲ ಬದಿಗಿಟ್ಟು ಒಂದು ಮಾತು. ಅವತ್ತು ಪಂಕ್ತಿಯಲ್ಲಿ ಎಲ್ಲರೂ ನಕ್ಕಾಗ ನಾನೂ ತಲೆ ತಗ್ಗಿಸಿದೆ. ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಚಿಕ್ಕಪ್ಪನಿಗೆ ಒಂದು ಮಾತು ಎದುರಾಡಲಿಲ್ಲ. ಊರೆಲ್ಲ ನನ್ನನ್ನು ಬಾಯಿಬಡಕಿ ಎನ್ನುತ್ತದೆ, ಬೇಕಾದಾಗ ಬಾಯಿ ಸತ್ತಿತ್ತು. ಆ ಒಂದು ಮಾತನ್ನು ನಿನ್ನೆ ಚಿಕ್ಕಲಕ್ಷ್ಮಮ್ಮನ ಮುಂದೆ ಆಡಿದೆ, ಐದು ತಿಂಗಳು ತಡವಾಗಿ.

ಶನಿವಾರ ಬೆಳಿಗ್ಗೆ ರೈಲು ಹತ್ತಿದರೆ ಸಾಕು. ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹಿಡಿಯಿರಿ. ದೀಪಾಂಜಲಿ ನಗರದ ನಿಲ್ದಾಣದ ಮೆಟ್ಟಿಲ ಕೆಳಗೆ ನಾನಿರುತ್ತೇನೆ. ಬಾರದಿದ್ದರೂ ಬೈಯುವುದಿಲ್ಲ. ಪಿಜಿಯಲ್ಲೇ ಇನ್ನೊಂದು ವರ್ಷ ಇರುತ್ತೇನೆ. ನೀವಿಲ್ಲದೆ ಅಷ್ಟು ದೊಡ್ಡ ಅಡುಗೆಮನೆ ನನಗೇಕೆ?

ಅತ್ತೆಗೆ ನಮಸ್ಕಾರ ತಿಳಿಸಿ. ಕಾಗದ ಮಾತ್ರ ತೋರಿಸಬೇಡಿ.

ಇಂತಿ,
ಖಾಲಿ ಪರಾತದ ವಿದುಷಿ, ತಮ್ಮ ಪ್ರೀತಿಯ
ಶಿಲ್ಪಾ

ತಾ.ಕ.: ಮಾತು ಮುರಿದದ್ದು ನಿನ್ನೆ ಎಂದು ಬರೆದೆ. ಅದು ಸುಳ್ಳು, ಕ್ಷಮಿಸಿ. ನನಗೆಂದು ನೀವು ಬಸ್ಸಿನಲ್ಲಿ ಹಾಕಿ ಕಳಿಸುವ ಖಡಕ್ ರೊಟ್ಟಿಯ ಡಬ್ಬಿಗಳನ್ನು ಒಬ್ಬಳೇ ತಿಂದಿಲ್ಲ. ಆಗಸ್ಟ್‌ನಿಂದ ಲ್ಯಾಬಿನಲ್ಲಿ ಎಲ್ಲರಿಗೂ ಹಂಚುತ್ತಿದ್ದೇನೆ, ಬಡಿದವರ ಹೆಸರು ಹೇಳಿಯೇ. ನಕ್ಕವನು ರಿಸೆಪ್ಷನ್ನಿನ ಮಂಜುನಾಥ್ ಒಬ್ಬನೇ. ನೀವು ಬಂದ ಮೇಲೆ ಬೇಕೆಂದು ಎಲ್ಲರೂ ಸೇರಿ ದಿನಕ್ಕೆ ಅರವತ್ತು ರೊಟ್ಟಿಗೆ ಹೆಸರು ಬರೆಸಿದ್ದಾರೆ, ಅದರಲ್ಲಿ ಹನ್ನೊಂದು ಅವನದೇ. ಅಲ್ಲಿ ಈಗ ನನ್ನನ್ನು ಯಾರೂ ಶಿಲ್ಪಾ ಎನ್ನುವುದಿಲ್ಲ. ಫಕೀರೇಶಣ್ಣನ ಮನೆಯವರು ಎನ್ನುತ್ತಾರೆ.