ಕೀ ಬಿದ್ದಿದೆ ಎಂದಿದ್ದಿರಿ

ಊರೆಲ್ಲ ಕೀಮ್ಯಾನ್ ಸಂಜೀವಣ್ಣ ಎಂದು ಕರೆಯುತ್ತಿದ್ದ ನನ್ನ ಅಪ್ಪನಿಗೆ,

ಮನೆಯಲ್ಲಿ ನಾವು ತುಳು ಬಿಟ್ಟು ಬೇರೆ ಮಾತಾಡಿದವರಲ್ಲ. ಆದರೆ ಪೆನ್ನು ಹಿಡಿದರೆ ನನಗೆ ಬರುವುದು ಶಾಲೆಯ ಕನ್ನಡವೇ. ನಿಮಗೆ ನಗು ಬಂದೀತು, ಬರಲಿ. ಈ ಮೂರು ತಿಂಗಳಲ್ಲಿ ಎಷ್ಟು ಅರ್ಜಿ ಗೀಚಿದ್ದೇನೆಂದರೆ, ‘ಮಾನ್ಯರೇ’ ಎಂದು ಶುರು ಮಾಡದೆ ಈ ಕಾಗದ ಬರೆಯಲಿಕ್ಕೇ ಕಷ್ಟವಾಯಿತು.

ನಿಮ್ಮ ಕೊನೆಯ ವಾರ ನೆನಪಾಗುತ್ತದೆ. ಬೆಳಗಿನ ಪ್ಯಾಸೆಂಜರ್ ಗಾಡಿ ಮನೆಯ ಹಿಂದಿನ ತಿರುವು ದಾಟಿ ಬಂಟ್ವಾಳದ ಕಡೆಗೆ ಹೋಗಿತ್ತಷ್ಟೆ. ನೀವು ಮಲಗಿದಲ್ಲಿಂದಲೇ ತಲೆಯೆತ್ತಿ, "ಕೀ ಬೂರ್ದುಂಡು, ತೂಲ" ಎಂದಿರಿ. ಕೀ ಬಿದ್ದಿದೆ, ನೋಡು ಎಂದು. ಮರುದಿನವೂ ಗಾಡಿ ಹೋದ ಮೇಲೆ ಅದೇ ಮಾತು. ನಾನು ಮಂಚದಡಿ ಗುಡಿಸಿದೆ, ದಿಂಬಿನಡಿ ತಡಕಿದೆ. ಕೊನೆಗೆ ಕಪಾಟಿನ ಕೀ ತಂದು ನಿಮ್ಮ ಅಂಗೈಯಲ್ಲಿಟ್ಟು, ಎಲ್ಲಿಗೂ ಹೋಗಲಿಲ್ಲ ಅಪ್ಪ, ಇಲ್ಲೇ ಉಂಟು ಎಂದು ಬೆರಳು ಮಡಚಿದೆ. ಆಗ ನೀವು ನನ್ನನ್ನು ನೋಡಿದ ಆ ನೋಟ... ಮೂವತ್ತು ವರ್ಷ ಹಳಿಯ ಮೇಲೆ ನಡೆದವರ ಮಗಳು ನಾನು. ಕೀ ಎಂದರೆ ಯಾವ ಕೀ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕಿತ್ತು?

ಚಿಕ್ಕವಳಿದ್ದಾಗ ಬುತ್ತಿ ಹಿಡಿದುಕೊಂಡು ಗೇಟಿನ ಹತ್ತಿರ ಬರುತ್ತಿದ್ದೆನಲ್ಲ, ಆಗ ನೀವೇ ತೋರಿಸಿದ್ದಿರಿ. ಹಳಿಯನ್ನು ಅದರಡಿಯ ಅಡ್ಡತೊಲೆಗೆ, ಅಂದರೆ ಸ್ಲೀಪರಿಗೆ, ಅಮುಕಿ ಹಿಡಿಯುವ ಬಾಗಿದ ಕಬ್ಬಿಣದ ತುಂಡು. ಪುಸ್ತಕದಲ್ಲಿ ಅದು ಕ್ಲಿಪ್ ಆದರೂ ನಿಮಗೂ ನಿಮ್ಮ ಜೊತೆಯವರಿಗೂ ಅದು ಕೀ. ಅದು ಸಡಿಲಾದ ಕಡೆ ಗಾಡಿ, ಒಂದು ಚಪ್ಪಲಿಯ ಬಾರು ಕಿತ್ತವನು ನಡೆದ ಹಾಗೆ ಸದ್ದು ಮಾಡುತ್ತದೆ ಎಂದಿದ್ದಿರಿ. ಕೆಲಸಕ್ಕೆ ಸೇರುವವರೆಗೆ ರೈಲನ್ನೇ ಕಾಣದ ಕಕ್ಕಿಂಜೆಯ ಮನುಷ್ಯ ನೀವು. ಆ ಕಿವಿ ನಿಮಗೆ ಎಲ್ಲಿಂದ ಬಂತು?

ನಿಮ್ಮ ಉತ್ತರಕ್ರಿಯೆ, ಹದಿಮೂರನೆಯ ದಿನದ ಬೊಜ್ಜ, ಮುಗಿಯಿತು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗಾಡಿ ಹೋಯಿತು. ಚಪ್ಪಲಿ ಕಿತ್ತವನ ನಡಿಗೆ ನನಗೂ ಕೇಳಿತು. ಕೈ ಒರೆಸದೆ ತಿರುವಿಗೆ ಓಡಿದೆ. ಸಾಲಾಗಿ ಏಳು ಕಡೆ ಕೀ ಇರಲಿಲ್ಲ ಅಪ್ಪ. ಎಲ್ಲ ಜಲ್ಲಿಯ ನಡುವೆ ತುಕ್ಕು ಹಿಡಿದು ಬಿದ್ದಿದ್ದವು. ಮಳೆನೀರಿಗೆ ಜಲ್ಲಿ ಜಾರಿ ಒಂದು ಸ್ಲೀಪರಿನ ಅಡಿ ಕೈ ತೂರುವಷ್ಟು ಖಾಲಿ. ಅದೇ ಗಾಡಿಯಲ್ಲಿ ನಿಮ್ಮ ಮೊಮ್ಮಗಳು ಸ್ವಾತಿ ದಿನಾ ಮಂಗಳೂರಿಗೆ ಕಾಲೇಜಿಗೆ ಹೋಗುವುದು. ನೀವು ಜ್ವರದಲ್ಲಿ ಬಡಬಡಿಸಿದ್ದಲ್ಲ. ನಾನೇ ಕಿವುಡಿ. ಇದನ್ನು ನಿಮ್ಮ ಎದುರು ಹೇಳಲಿಕ್ಕೆ ಆಗಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ನಿಮ್ಮ ಜಾಗಕ್ಕೆ ಬಂದ ವಿಶ್ವನಾಥಣ್ಣನನ್ನು ಹಳಿಯ ಮೇಲೆಯೇ ಹಿಡಿದು ಕೇಳಿದೆ. ಅವರನ್ನು ಬೈಯಲಿಕ್ಕೂ ಮನಸ್ಸು ಬರಲಿಲ್ಲ. ಇಬ್ಬರು ನಡೆಯುವ ದೂರವನ್ನು ಈಗ ಅವರೊಬ್ಬರೇ ನಡೆಯಬೇಕಂತೆ. ಬಡಿದು ಕೂರಿಸಿದರೂ ಸವೆದ ಕೀ ನಿಲ್ಲುವುದಿಲ್ಲವಂತೆ, ಹೊಸದು ಕೇಳಿದರೆ ಬರುತ್ತದೆ ಎಂಬ ಉತ್ತರ ಮಾತ್ರ ಬರುತ್ತದಂತೆ. "ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ ಮಾರಾಯ್ರೆ" ಎಂದು ಮುಂದೆ ನಡೆದರು.

ಆಮೇಲೆ ರೈಲ್ವೆ ಆಫೀಸಿಗೆ ಅರ್ಜಿ ಬರೆದೆ. ತಿರುವಿನಲ್ಲಿ ಏಳು ಕಡೆ ಕೀ ಬಿದ್ದುಹೋಗಿದೆ, ದಯವಿಟ್ಟು ಕ್ರಮ ಕೈಗೊಳ್ಳಬೇಕು ಎಂದು ನನ್ನ ಅತ್ಯುತ್ತಮ ಕನ್ನಡದಲ್ಲಿ. ಒಂದೂವರೆ ತಿಂಗಳ ಮೇಲೆ ಆಫೀಸಿನಿಂದ ಉತ್ತರ ಬಂತು: ‘ತಾವು ಕಳೆದುಕೊಂಡ ಕೀ ಬಗ್ಗೆ ಸಮೀಪದ ನಿಲ್ದಾಣದಲ್ಲಿ ವಿಚಾರಿಸತಕ್ಕದ್ದು. ಅರ್ಜಿ ವಿಲೇ ಮಾಡಲಾಗಿದೆ.’ ಕಾಗದ ಹರಿಯಲು ಹೋದವಳು ನಿಂತುಬಿಟ್ಟೆ. ಯಾರನ್ನು ಬೈಯಲಿ? ಆ ಗುಮಾಸ್ತ ಮಾಡಿದ್ದೂ ನಾನು ಮಾಡಿದ್ದೂ ಒಂದೇ ಅಲ್ಲವೇ? ಆದರೆ ನಾನು ತಡವಾಗಿಯಾದರೂ ಓಡಿಹೋಗಿ ನೋಡಿದೆ. ಅವನಿಗೆ ನೋಡುವ ಅಗತ್ಯವೇ ಕಾಣಲಿಲ್ಲ. ಕ್ಲಿಪ್ ಎಂದು ಬರೆದು ಮತ್ತೆರಡು ಅರ್ಜಿ ಹಾಕಿದೆ. ಅವಕ್ಕೆ ಉತ್ತರವೂ ಇಲ್ಲ.

ಬೆಳುವಾಯಿಯ ಭಾವನ ಮನೆಗೆ ಹೋದಾಗ ಇದನ್ನೆಲ್ಲ ಹೇಳಿಕೊಂಡೆ. ಪಕ್ಕದ ಮೂಡುಬಿದಿರೆಗೆ ರೈಲು ಬರುತ್ತದೆ ಎಂದು ಕೇಳಿ ಕೇಳಿ ಅವರ ತಲೆ ನರೆತಿದೆ, ಗೊತ್ತಲ್ಲ. "ನಿಮಗೆ ಹಳಿಯಾದ್ರೂ ಉಂಟು, ನಮಗೆ ಅದೂ ಇಲ್ಲ" ಎಂದು ನಕ್ಕರು. ಇರುವುದನ್ನು ನೋಡಿಕೊಳ್ಳಲಾರದವರು ಹೊಸತು ಹಾಕಿ ಏನು ಮಾಡುತ್ತಾರೆ ಎಂದು ಊಟದ ನಡುವೆಯೇ ಜಗಳವಾಡಿ ಬಂದೆ. ಪಾಪ, ಅವರದ್ದೇನು ತಪ್ಪು.

ಕಳೆದ ವಾರ ತಾಳ್ಮೆ ಮುಗಿಯಿತು. ಜಲ್ಲಿಯಲ್ಲಿ ಬಿದ್ದಿದ್ದ ಒಂದು ಕೀ ಹೆಕ್ಕಿ, ತರಕಾರಿಯ ಚೀಲದಲ್ಲಿ ಹಾಕಿಕೊಂಡು ಆ ಆಫೀಸಿಗೆ ಹೋಗಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲೂ ಇಲ್ಲ. ಇದು ಸರಕಾರದ ಸೊತ್ತು, ಕೊಂಡುಹೋಗಿದ್ದು ಅಪರಾಧ, ಕೇಸಾಗ್ತದೆ ಎಂದರು. ಅಪ್ಪಾ, ತೆಂಗಿನಕಾಯಿ ಸುಲಿಯಲು ಹಳಿಯ ಹತ್ತಿರದಿಂದ ಕಬ್ಬಿಣದ ಒಂದು ತುಂಡು ತನ್ನಿ ಎಂದದ್ದಕ್ಕೆ ಅಮ್ಮನ ಜೊತೆ ಎರಡು ದಿನ ಮಾತು ಬಿಟ್ಟವರು ನೀವು. ನಿಮ್ಮ ಮಗಳು ಕಳ್ಳಿ. ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬುದ್ಧಿಯೂ ಓಡಿತು ನೋಡಿ.

"ಕೇಸು ಮಾಡಿ ಸರ್" ಎಂದೆ. "ಎಲ್ಲಿಂದ ತಂದದ್ದು ಅಂತಲೂ ಬರೀಬೇಕಾಗ್ತದೆ ಅಲ್ವಾ?"

ಅವರಿಗೆ ತಕ್ಷಣ ಹೊಳೆಯಲಿಲ್ಲ. ಪೊಲೀಸರಿಗೆ ಹೇಳಿಯೇಬಿಟ್ಟರು. ಕಳ್ಳತನ ಎಂದ ಮೇಲೆ ಸ್ಥಳ ಮಹಜರು ಆಗಬೇಕಲ್ಲ? ದೂರಿಗೆ ಮೂರು ತಿಂಗಳು ಬಾರದವರು ಕಳ್ಳತನಕ್ಕೆ ಮರುದಿನವೇ ಜೀಪಿನಲ್ಲಿ ಬಂದರು. ತಿರುವಿಗೆ ಕರೆದುಕೊಂಡು ಹೋಗಿ, ಇದು ಇದ್ದದ್ದು ಇಲ್ಲಿ, ಉಳಿದ ಆರು ಬಿದ್ದಿರುವುದು ಇಲ್ಲಿ ಎಂದು ಒಂದೊಂದಾಗಿ ತೋರಿಸಿದೆ. ಪೊಲೀಸಿನವನು ನಿಷ್ಠೆಯಿಂದ ಎಲ್ಲವನ್ನೂ ಬರೆದುಕೊಂಡ. ಸಾಹೇಬರು ಬಗ್ಗಿ ಸ್ಲೀಪರಿನ ಅಡಿ ನೋಡಿದವರು ಮತ್ತೆ ನನ್ನ ಮುಖ ನೋಡಲಿಲ್ಲ. ಏಳು ಕಡೆ ಕೀ ಇಲ್ಲ, ಜಲ್ಲಿ ಜಾರಿದೆ ಎಂದು ಪೊಲೀಸರದ್ದೇ ಅಕ್ಷರದಲ್ಲಿ ಬರೆದ ಕಾಗದಕ್ಕೆ ನಾನು ಖುಷಿಯಿಂದ ಸಹಿ ಹಾಕಿದೆ. ನನ್ನ ಯಾವ ಅರ್ಜಿಗೂ ಇಲ್ಲದ ಬೆಲೆ ಆ ಕಾಗದಕ್ಕೆ ಇತ್ತು. ಸಂಜೆಯೊಳಗೆ ಹೊಸ ಕೀ ಬಂತು, ವಿಶ್ವನಾಥಣ್ಣ ಏಳನ್ನೂ ಬಡಿದು ಕೂರಿಸಿದರು, ಜಲ್ಲಿ ತುಂಬಲಿಕ್ಕೂ ಜನ ಬಂದರು.

ಕೇಸು ಮಾತ್ರ ಬಿದ್ದುಹೋಗಿಲ್ಲ. ಸೋಮವಾರ ವಿಚಾರಣೆಗೆ ಹಾಜರಾಗಬೇಕೆಂದು ಚೀಟಿ ಬಂದಿದೆ. ಸ್ವಾತಿ ಹೆದರಿದ್ದಾಳೆ, ತಪ್ಪಾಯಿತು ಎಂದು ಬರೆದುಕೊಟ್ಟು ಬಾ ಅಮ್ಮ ಎನ್ನುತ್ತಾಳೆ. ನಾನು ಬರೆದುಕೊಡುವುದಿಲ್ಲ. ಸೇತುವೆಯ ಆಚೆಗೂ ಐದಾರು ಕಡೆ ಕೀ ಬಿದ್ದಿದೆಯಂತೆ, ನಿನ್ನೆ ನಡೆದು ನೋಡಿ ಬಂದೆ, ಹೌದು. ಸೋಮವಾರ ಬರಿಗೈಯಲ್ಲಿ ಹೋಗುವುದಿಲ್ಲ ಅಪ್ಪ. ಅಲ್ಲಿಂದಲೂ ಒಂದನ್ನು ಕದ್ದೇ ಹೋಗುತ್ತೇನೆ.

ನಿಮ್ಮ ಸುಮತಿ