ಕುದುರೆಗೆ ಕೇಳಿದ ಪ್ರಸಾದ

27 ಅಕ್ಟೋಬರ್ 2025

ಅಪ್ಪಯ್ಯನಿಗೆ,

ದೊಡ್ಡ ಮಗಳು ಶ್ರಾವ್ಯಾಳ ನಮಸ್ಕಾರ. ಫೋನು ಮಾಡಿದರೆ ನೀವು ಟವರ್ ಸಿಗುತ್ತಿಲ್ಲ ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಟವರ್ ಬೇಡ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳುವಾಗ ನಡುವೆ ಸಾಲು ನುಂಗಬೇಡಿ. ತಂಗಿ ವಿನಯಾಗೆ ಇದನ್ನೆಲ್ಲ ಆಗಲೇ ಹೇಳಿದ್ದೇನೆ, ಅವಳು ಪಕ್ಕದಲ್ಲೇ ಕೂತು ಕೇಳುತ್ತಾಳೆ.

ವಿನಯಾಗೆ ತೀರ್ಥಹಳ್ಳಿಯ ಕಡೆಯಿಂದ ಸಂಬಂಧ ಬಂದಿದೆ, ಬರುವ ನಾಲ್ಕನೇ ತಾರೀಖು ಮಂಗಳವಾರ ಗುಡ್ಡದ ದೇವಿಯಲ್ಲಿ ಪ್ರಸಾದ ಕೇಳುವುದೆಂದು ಗೊತ್ತಾಗಿದೆ, ಅಪ್ಪಯ್ಯನೇ ಕೂರುತ್ತಾರೆ ಎಂದು ಅಮ್ಮ ಸಂಭ್ರಮದಿಂದ ಹೇಳಿದಳು. ಫೋನಿಟ್ಟು ಕ್ಯಾಲೆಂಡರ್ ನೋಡಿದೆ. ನವೆಂಬರಿನ ಮೊದಲ ಮಂಗಳವಾರ. ಮೆಲ್ಬೋರ್ನಿನ ಕುದುರೆ ಓಟ. ನಮ್ಮ ಗಡಿಯಾರಕ್ಕೆ ಬೆಳಿಗ್ಗೆ ಒಂಬತ್ತೂವರೆ. ಮಂಗಳಾರತಿಯನ್ನು ಅದಕ್ಕೆ ಮುಂಚೆ ಮುಗಿಸಿಬಿಡಿ ಎಂದು ಭಟ್ಟರಿಗೂ ಹೇಳಿಟ್ಟಿರಬೇಕು ನೀವು. ಒಬ್ಬ ಮಗಳದ್ದು ಸಾಲದಾಯಿತೇ?

ಯಾವ ತಿಂಗಳು ಯಾವ ದೇಶದ ಓಟ ಎಂಬುದು ನನಗೆ ಮಗ್ಗಿಗಿಂತ ಮೊದಲು ಬಂದ ಪಾಠ. ಮಾರ್ಚಿಗೆ ದುಬೈ, ಮೇ ತಿಂಗಳಿಗೆ ಕೆಂಟಕಿ, ಜೂನಿಗೆ ಟೊಪ್ಪಿಯ ಹೆಂಗಸರು ಬರುವ ಇಂಗ್ಲೆಂಡಿನ ಆ್ಯಸ್ಕಟ್, ಅಕ್ಟೋಬರಿಗೆ ಪ್ಯಾರಿಸ್. ಶಿವಮೊಗ್ಗ ದಾಟದ ಮನುಷ್ಯ ಅರಳಸುರಳಿಯ ಜಗುಲಿಯಲ್ಲಿ ಕಾಲುಚಾಚಿ, ಈ ಸಲ ನಮ್ಮ ಐರ್ಲೆಂಡಿನವರು ಜೋರಿದ್ದಾರೆ ಎನ್ನುವುದನ್ನು ಕೇಳಬೇಕು. ಜೀವಂತ ಕುದುರೆಯ ಹತ್ತಿರ ನೀವು ನಿಂತದ್ದು ಒಂದೇ ಸಲ, ಸಾಗರದಲ್ಲಿ ನನ್ನ ಮದುವೆಯ ಮೆರವಣಿಗೆಯಲ್ಲಿ. ಅದು ಮೂತಿ ಅಲ್ಲಾಡಿಸಿದ್ದಕ್ಕೆ ಒಂದು ಚಪ್ಪಲಿ ಅಲ್ಲೇ ಬಿಟ್ಟು ವಾದ್ಯದವರ ಹಿಂದೆ ಅಡಗಿದಿರಿ. ಇಷ್ಟು ಧೈರ್ಯದವರು ಸಾಗರದ ಬುಕ್ಕಿ ಗಣೇಶನ ಕೈಯಲ್ಲಿ ಕದ್ದು ಕುದುರೆಯ ಮೇಲೆ ಬಾಜಿ ಕಟ್ಟಿಸುತ್ತೀರಿ.

ಚಿಕ್ಕವಳಿದ್ದಾಗ ಟಿ.ವಿ. ಎದುರು ನಿಮ್ಮ ತೊಡೆಯ ಮೇಲೆ ಕೂತು ಸವಾರರ ಅಂಗಿಯ ಬಣ್ಣ ನೋಡಿ ಕುದುರೆ ಆರಿಸುತ್ತಿದ್ದೆ. ‘ಬಣ್ಣ ನೋಡಿ ಮೋಸ ಹೋಗ್ಬಾರ್ದು ಮಗ. ಓಟಕ್ಕೆ ಮುಂಚೆ ಸುಮ್ನೆ ಸುತ್ತು ನಡೆಸ್ತಾರಲ್ಲ, ಆಗ ನೋಡ್ಬೇಕು. ಬೆವರ್ತದಾ, ಹಿಡ್ಕೊಂಡವನ್ನ ಒದೀತದಾ ಅಂತ’ ಎನ್ನುತ್ತಿದ್ದಿರಿ. ನನ್ನ ಅಪ್ಪಯ್ಯನಷ್ಟು ತಿಳಿದವರು ಊರಲ್ಲೇ ಇಲ್ಲ ಎಂದುಕೊಂಡಿದ್ದೆ.

ಆರು ವರ್ಷದ ಹಿಂದಿನ ಆ ಮಂಗಳವಾರವೂ ನನಗೆ ಚೆನ್ನಾಗಿ ನೆನಪಿದೆ. ನನಗೆ ಸುರೇಂದ್ರನ ಸಂಬಂಧ ಬಂದಿತ್ತು. ಭಟ್ಟರು ದೇವಿಗೆ ಒದ್ದೆ ಹೂವೇರಿಸಿ, ಮನಸ್ಸಿನಲ್ಲೇ ಕೇಳಿಕೊಳ್ಳಿ, ಬಲಕ್ಕೆ ಜಾರಿದರೆ ಆಗಲಿ, ಎಡಕ್ಕಾದರೆ ಬೇಡ ಎಂದರು. ನೀವು ಕಣ್ಣು ಮುಚ್ಚಿದಿರಿ. ಹೂವು ಬಲಕ್ಕೇ ಜಾರಿತು. ಅಮ್ಮ ಅತ್ತೇಬಿಟ್ಟಳು. ನೀವು ಎದ್ದವರೇ ಗುಡಿಯ ಹಿಂದಿನ ಬಂಡೆಯ ಕಡೆ ಹೋದಿರಿ. ಮಗಳ ಮುಂದೆ ಕಣ್ಣೀರು ತೋರಿಸಲಾರದೆ ಹೋದರು ಎಂದು ನಾನು ಕರಗಿಹೋದೆ. ಆ ಬಂಡೆಯ ಮೇಲೆ ಮಾತ್ರ ನೆಟ್‌ವರ್ಕ್ ಬರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಅದನ್ನು ಹೊಳೆಯಿಸಿದವರೂ ನೀವೇ. ಈ ತಿಂಗಳ ಮೊದಲ ಭಾನುವಾರ ಸಾಗರಕ್ಕೆ ಬಂದು, ನಮ್ಮ ನಡುಮನೆಯಲ್ಲಿ ನಿಮ್ಮ ಅಳಿಯನ ಪಕ್ಕ ಕೂತು ಪ್ಯಾರಿಸಿನ ಓಟ ನೋಡುತ್ತಿದ್ದಿರಲ್ಲ. ನಾನು ಅಡುಗೆಮನೆಯಿಂದ ಬೋಂಡಾ ತರುತ್ತಿದ್ದೆ. ‘ಪ್ರಸಾದ ಗೀಸಾದ ಎಲ್ಲ ಕುದುರೆಗೆ ನಡೆಯಲ್ಲ ಮಾರಾಯ್ರೆ. ನಿಮ್ಮ ಸಂಬಂಧಕ್ಕೆ ಕೂತಾಗ ನಾನು ಕೇಳಿದ್ದು ಮೆಲ್ಬೋರ್ನಿನ ಕುದುರೆಗೆ. ಬಲಕ್ಕೇ ಬಿತ್ತು. ಕುದುರೆ ಹಿಂದಿಂದ ಮೂರನೇದು’ ಎಂದು ನಕ್ಕಿರಿ. ನಿಮ್ಮ ಅಳಿಯನೂ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ಕೇಳಿದ್ದು ಅಪರೂಪ.

ಒಂದು ವಾರ ತಡೆದು ಫೋನಿನಲ್ಲಿ ಕೇಳಿದೆ. ತಪ್ಪಾಯ್ತು ಎನ್ನುತ್ತೀರೇನೋ ಎಂದು ಕಾದೆ. ನೀವು ಲಾ ಪಾಯಿಂಟು ತೆಗೆದಿರಿ. ಕುದುರೆ ಸೋತಿತಲ್ಲ, ಹಾಗಾದರೆ ದೇವಿ ಒಪ್ಪಿಗೆ ಕೊಟ್ಟದ್ದು ನಿನ್ನ ಮದುವೆಗೇ ಎಂದಾಯಿತಲ್ಲ ಎಂದಿರಿ. ನಿಮ್ಮಂಥವರಿಗೆ ದೇವಿಯೂ ಒಬ್ಬ ಬುಕ್ಕಿ. ನನಗೆ ಅವಳ ಮೇಲೆ ಸಿಟ್ಟಿಲ್ಲ. ಕೇಳದ ಪ್ರಶ್ನೆಗೆ ಅವಳಾದರೂ ಏನು ಹೇಳಿಯಾಳು.

ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಗೋಡೆಗೆ ಹೋಗುವ ಮನೆ ಅದು. ತಟ್ಟೆ ಸಿಗದಿದ್ದರೆ ನನ್ನ ತೋಳಿದೆ. ಬಟ್ಟೆಯ ಚೀಲ ಹಿಡಿದು ಅರಳಸುರಳಿಯಲ್ಲಿ ಬಸ್ಸಿಳಿದಾಗಲೆಲ್ಲ ಅಮ್ಮ, ‘ಪ್ರಸಾದ ಆಗಿ ಕೂಡಿದ್ದು ಮಗ, ಬಿಟ್ಟು ಬಂದ್ರೆ ದೇವಿ ಸುಮ್ನಿರ್ತಾಳಾ’ ಎಂದು ತಲೆ ಸವರಿ ವಾಪಸು ಕಳಿಸುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನೀವು ಅಲ್ಲೇ ಕೂತು ತಲೆಯಾಡಿಸುತ್ತಿದ್ದಿರಿ. ಕುದುರೆಗೆ ಕೇಳಿದ್ದನ್ನು ಬೇಕಾದರೆ ಮರೆತೇನು, ಆ ತಲೆಯಾಡಿಸಿದ್ದನ್ನು ಮರೆಯುವುದಿಲ್ಲ.

ಕುದುರೆಯ ಅಪ್ಪ ಯಾರು, ತಾಯಿಯ ಅಪ್ಪ ಯಾರು, ಕೆಸರಿನಲ್ಲಿ ಓಡುತ್ತದೋ ಇಲ್ಲವೋ, ಹೋದ ಸಲ ಯಾಕೆ ಸೋತಿತು, ಎಲ್ಲ ವಿಚಾರಿಸುತ್ತೀರಿ. ಸುರೇಂದ್ರನಿಗೆ ನನಗಿಂತ ಮೊದಲು ಹೊಸನಗರದ ಹುಡುಗಿಯೊಬ್ಬಳ ಜೊತೆ ನಿಶ್ಚಯವಾಗಿ ಮುರಿದಿತ್ತು. ಯಾಕೆ ಮುರಿಯಿತು ಎಂದು ಒಬ್ಬರನ್ನಾದರೂ ಕೇಳಿದಿರಾ?

ವಿನಯಾ ಮಂಗಳವಾರ ಗುಡ್ಡ ಹತ್ತುವುದಿಲ್ಲ. ಹುಡುಗ ಒಳ್ಳೆಯವನೇ ಇರಬಹುದು. ತೀರ್ಥಹಳ್ಳಿಗೆ ದಿನವೂ ಬಸ್ಸಿದೆ. ಮೊಬೈಲನ್ನು ಅಮ್ಮನ ಕೈಗೆ ಕೊಟ್ಟು ಹೋಗಿ. ಅವನು ಕೆಲಸ ಮಾಡುವ ಕಡೆ ನಿಂತು ನೋಡಿ, ನಾಲ್ಕು ಜನರನ್ನು ಕೇಳಿ, ಬಂದು ಅವಳಿಗೆ ಹೇಳಿ. ಆಗಲಿ ಬೇಡ ಎನ್ನುವುದು ಅವಳಿಗೆ ಬಿಟ್ಟದ್ದು. ಅಷ್ಟು ಮಾಡಲಾಗದಿದ್ದರೆ ಬಂಡೆಯ ಮೇಲೆ ಒಬ್ಬರೇ ಕೂತು ನಿಮ್ಮ ಕುದುರೆ ನೋಡಿಕೊಳ್ಳಿ. ಅಮ್ಮನಿಗೆ ಮೊಣಕಾಲಿನ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೊಳ್ಳಲು ಹೇಳಿ.

ಇತಿ,
ನೀವು ವಿಚಾರಿಸದೆ ಕೊಟ್ಟ ಮಗಳು
ಶ್ರಾವ್ಯಾ

ವಿ.ಸೂ.: ಮೇಲೆ ತಾರೀಖು ಮಾತ್ರ ಬರೆದು ಊರಿನ ಹೆಸರು ಬಿಟ್ಟಿದ್ದೇನೆ, ನೀವು ಗಮನಿಸಿರಲಾರಿರಿ. ದೀಪಾವಳಿಯ ಮರುದಿನ ಸಾಗರದ ಮನೆ ಬಿಟ್ಟೆ. ಆ ಪ್ರಸಾದ ನನ್ನದಲ್ಲ ಎಂದು ಗೊತ್ತಾದ ಮೇಲೆ ಅಲ್ಲಿರಲು ನನಗೆ ಬೇರೆ ಕಾರಣವಿರಲಿಲ್ಲ. ಈಗ ಹೊಸನಗರದಲ್ಲಿದ್ದೇನೆ, ಸುಮನಾಳ ಮನೆಯ ಮಹಡಿಯಲ್ಲಿ. ಅವಳ ಹೊಲಿಗೆ ಅಂಗಡಿಯಲ್ಲೇ ಕೆಲಸ. ನಿಶ್ಚಯವಾಗಿ ಮುರಿದದ್ದು ಇವಳಿಗೇ. ಇವಳ ತಂದೆಗೆ ಕುದುರೆಯ ವಿಷಯ ಏನೂ ಗೊತ್ತಿಲ್ಲ. ನಿಶ್ಚಯವಾದ ವಾರ ಯಾರಿಗೂ ಹೇಳದೆ ಸಾಗರದ ಬಸ್ಸು ಹತ್ತಿ ಹೋಗಿ, ಸುರೇಂದ್ರನ ಅಂಗಡಿಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಮಧ್ಯಾಹ್ನದವರೆಗೆ ಸುಮ್ಮನೆ ನೋಡುತ್ತ ಕೂತಿದ್ದರಂತೆ. ಸುರೇಂದ್ರ ಕೆಲಸದವನ ಮುಖಕ್ಕೆ ಬೀಗ ಎಸೆದದ್ದನ್ನು ನೋಡಿ ಎದ್ದು ಬಂದರಂತೆ.